ನೇರಳೆ, ಕವಳೆ, ಮುರುಗಲು: ಕಿತ್ತ ಮೇಲೆ ಇಡುವುದು ಹೇಗೆ, ಸತ್ವ ಉಳಿಯುವುದು ಎಷ್ಟು?

ಹೇಮಾವತಿ_ದಂಡೆ (ಸಕಲೇಶಪುರ)

ಮಹಿಳಾ ಸಂಘದ ಪರವಾಗಿ ಕೇಳುತ್ತಿದ್ದೇವೆ. ತೋಟದ ಬೇಲಿ ಮತ್ತು ಹಿಡುವಳಿ ಜಾಗದ ಮರಗಳಿಂದ ಮೇ ತಿಂಗಳಲ್ಲಿ ಕವಳೆ, ಮುರುಗಲು, ಜೂನ್-ಜುಲೈನಲ್ಲಿ ನೇರಳೆ ಸಿಗುತ್ತದೆ. ಎಲ್ಲ ಸೇರಿ ದಿನಕ್ಕೆ 30–40 ಕೆ.ಜಿ. ನೇರಳೆ ಮಾರನೇ ದಿನಕ್ಕೇ ನೀರು ಬಿಡುತ್ತದೆ, ಮೂರನೇ ದಿನ ಬೂಷ್ಟು. ಕೇಳಬೇಕಾದ್ದು ಇಷ್ಟು: ಹಣ್ಣಾಗಿಯೇ ಒಂದು ವಾರ ಇಡಲು ಸಾಧ್ಯವೇ? ಫ್ರೀಜ್ ಮಾಡಿದರೆ ಆಂಟಿಆಕ್ಸಿಡೆಂಟ್ ಹಾಳಾಗುತ್ತದಾ? ಸ್ಕ್ವಾಶ್‌ಗೆ ಯಾವ ಸಂರಕ್ಷಕ ಎಷ್ಟು ಹಾಕಬೇಕು? ಬಾಟಲಿ ಮೇಲೆ "ಆಂಟಿಆಕ್ಸಿಡೆಂಟ್ ಹೇರಳ" ಎಂದು ಬರೆಯಬಹುದಾ?

ಎತ್ತಿನಭುಜ (ಮೂಡಿಗೆರೆ)

ಅಕ್ಕ, ಫ್ರಿಜ್ಜಿನ ಮಾತು ಆಮೇಲೆ. ಮಾರನೇ ದಿನಕ್ಕೆ ನೀರು ಬಿಡುತ್ತದೆ ಎಂದರೆ ಹಣ್ಣು ಮರದಿಂದ ಇಳಿಯುವಾಗಲೇ ಪೆಟ್ಟು ತಿಂದಿದೆ. ಕೊಂಬೆ ಅಲ್ಲಾಡಿಸಿ ನೆಲದ ಮೇಲಿನ ಟಾರ್ಪಾಲಿಗೆ ಬೀಳಿಸಿದ ನೇರಳೆಯನ್ನು ರಸಕ್ಕೆ ಮಾತ್ರ ಬಳಸಿ, ಅದೂ ಅವತ್ತೇ. ಇಡುವ ಹಣ್ಣನ್ನು ಏಣಿ ಹಾಕಿ ತೊಟ್ಟಿನ ಸಮೇತ ಗೊಂಚಲಾಗಿ ಕೀಳಬೇಕು. ಇಲ್ಲವೆಂದರೆ ಬಲೆಯನ್ನು ಮರದ ಕೆಳಗೆ ಸೊಂಟದೆತ್ತರಕ್ಕೆ ಸಡಿಲವಾಗಿ ಕಟ್ಟಿ, ಬಿದ್ದ ಹಣ್ಣು ನೆಲ ಮುಟ್ಟದ ಹಾಗೆ ನೋಡಿಕೊಳ್ಳಿ. ತೊಟ್ಟು ಕಿತ್ತುಬಂದ ಜಾಗದ ತೂತಿನಿಂದಲೇ ರಸ ಸೋರುತ್ತದೆ, ಬೂಷ್ಟೂ ಅಲ್ಲಿಂದಲೇ ಒಳಕ್ಕೆ ಹೋಗುತ್ತದೆ.

ನೇರಳೆ ಮಾವಿನ ಹಾಗಲ್ಲ. ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಕೆಂಪು-ನೇರಳೆ ಇರುವಾಗ ಕಿತ್ತು ಮನೆಯಲ್ಲಿ ಕಪ್ಪಾಗಲಿ ಎಂದು ಕಾದರೆ ಒಗರು ಹಾಗೇ ಉಳಿದು ಸಿಪ್ಪೆ ಸುಕ್ಕಾಗುತ್ತದೆ, ಅಷ್ಟೇ. ಪೂರ್ತಿ ಕಪ್ಪಾಗಿದ್ದು ಬೆರಳಿಗೆ ಇನ್ನೂ ಬಿಗಿ ಹತ್ತುವ ಹಣ್ಣನ್ನೇ ಕೀಳಬೇಕು.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ ಕಿತ್ತು ಮುಗಿಸಿ. ಕಾಫಿ ಕೀಳುವ ಚೀಲ, ಗೋಣಿ ಎರಡೂ ಬೇಡ. ಅಗಲದ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಣ್ಣಿನ ಎತ್ತರ 10 ಸೆಂ.ಮೀ ದಾಟದಿರಲಿ. ಬಾಬಾಬುಡನ್‌ಗಿರಿ ಕಡೆಯ ಮುಳ್ಳುಪೊದೆಯ ಕಾಡು ರಾಸ್‌ಬೆರಿಯಾದರೆ ಎರಡು-ಮೂರು ಪದರಕ್ಕಿಂತ ಹೆಚ್ಚು ಬೇಡವೇ ಬೇಡ. ಕೀಳುವಾಗ ಅದರ ನಡುವಿನ ದಿಂಡು ಗಿಡದಲ್ಲೇ ಉಳಿದು ಹಣ್ಣು ಟೊಳ್ಳು ಟೋಪಿಯಂತೆ ಬರುತ್ತದೆ, ತನ್ನ ಭಾರಕ್ಕೇ ಕುಸಿಯುತ್ತದೆ. ಕಿತ್ತ ಡಬ್ಬಿಯಲ್ಲೇ ಗಿರಾಕಿಗೆ ಹೋಗಬೇಕು, ಮಧ್ಯೆ ಇನ್ನೊಂದು ಪಾತ್ರೆಗೆ ಸುರಿಯಬಾರದು.

ತೊಳೆಯುವುದು ತಿನ್ನುವ ಮುಂಚೆ ಅಥವಾ ಕುದಿಸುವ ಮುಂಚೆ ಮಾತ್ರ. ಮಳೆಯಲ್ಲಿ ಕಿತ್ತ ಹಣ್ಣನ್ನು ಜಾಲರಿ ತಟ್ಟೆಯಲ್ಲಿ ಒಂದೇ ಪದರ ಹರಡಿ, ಫ್ಯಾನ್ ಗಾಳಿಗೆ ಸಿಪ್ಪೆಯ ನೀರು ಆರಿಸಿ, ಆಮೇಲೆ ತಣ್ಣಗೆ ಮಾಡಿ. ನೀರು ಇರುವಂತೆಯೇ ತಂಪಿಗೆ ಇಟ್ಟರೆ ಮೂರು ದಿನಕ್ಕೆ ಬರುವ ಬೂಷ್ಟು ಐದು ದಿನಕ್ಕೆ ಬರುತ್ತದೆ, ಲಾಭ ಅಷ್ಟೇ.

ಮೈದಾನದವ (ಅರಸೀಕೆರೆ)

ಇಷ್ಟೆಲ್ಲ ಖರ್ಚು ಯಾಕೆ? ದೆಹಲಿಯ ಪೂಸಾ ಸಂಸ್ಥೆ ಬಳಕೆಗೆ ತಂದ ಇಟ್ಟಿಗೆ-ಮರಳಿನ ಶೂನ್ಯಶಕ್ತಿ ತಂಪುಕೋಣೆ ಕಟ್ಟಿಕೊಳ್ಳಿ. ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ 7.5 ಸೆಂ.ಮೀ ಮರಳು, ದಿನಕ್ಕೆ ಎರಡು ಸಲ ಮರಳಿಗೆ ನೀರು, ಮೇಲೆ ಒದ್ದೆ ಗೋಣಿಯ ಮುಚ್ಚಳ. ಕರೆಂಟೇ ಬೇಡ.

ಎತ್ತಿನಭುಜ (ಮೂಡಿಗೆರೆ)

ಗೌಡ್ರೆ, ಅದು ನಿಮ್ಮ ಅರಸೀಕೆರೆ, ಚನ್ನರಾಯಪಟ್ಟಣಕ್ಕೆ ಸರಿ. ಏಪ್ರಿಲ್‌ನ ಒಣಗಾಳಿಗೆ ಆ ಕೋಣೆ ಚೆನ್ನಾಗಿ ತಣ್ಣಗಾಗುತ್ತದೆ. ನೀರು ಆವಿಯಾದರೆ ತಾನೇ ಕಾವು ಇಳಿಯುವುದು? ಜೂನ್-ಜುಲೈ ಜಡಿಮಳೆಯಲ್ಲಿ ಸಕಲೇಶಪುರದ ಗಾಳಿಯಲ್ಲಿ ತೇವಾಂಶ ಆಗಲೇ 90% ಮೇಲಿರುತ್ತದೆ, ಆವಿ ಹೋಗಲು ಜಾಗವಿಲ್ಲ. ಆ ಕೋಣೆ ಒಂದೆರಡು ಡಿಗ್ರಿ ಇಳಿಯುತ್ತದೇನೋ ಅಷ್ಟೇ, ಒಳಗಿನ ಗೋಡೆಯ ತುಂಬ ಬೂಷ್ಟು ಮಾತ್ರ ಗ್ಯಾರಂಟಿ. ಅದೇ ಹಾಸನ ಜಿಲ್ಲೆಯಾದರೂ ಘಟ್ಟದ ಸೆರಗಿಗೂ ಬಯಲಿಗೂ ಒಂದೇ ಮದ್ದು ನಡೆಯುವುದಿಲ್ಲ.

ಬ್ರಿಕ್ಸ್_ಕಣ್ಣು (ಹಾಸನ)

ಹಣ್ಣು ಕಿತ್ತ ಮೇಲೂ ಉಸಿರಾಡುತ್ತದೆ. ಕಾವು 10 ಡಿಗ್ರಿ ಇಳಿದರೆ ಉಸಿರಾಟ ಎರಡರಿಂದ ಮೂರು ಪಟ್ಟು ಇಳಿಯುತ್ತದೆ. 25ರಿಂದ 5 °ಸೆಗೆ ತಂದರೆ 4ರಿಂದ 9 ಪಟ್ಟು. ಆದ್ದರಿಂದ ಎಷ್ಟು ತಣ್ಣಗೆ ಎನ್ನುವಷ್ಟೇ ಎಷ್ಟು ಬೇಗ ಎನ್ನುವುದೂ ಮುಖ್ಯ.

ಮನೆ ಫ್ರಿಜ್ಜಿನ ಲೆಕ್ಕ ನೋಡಿ. 40 ಕೆ.ಜಿ ಹಣ್ಣನ್ನು 25ರಿಂದ 5ಕ್ಕೆ ಇಳಿಸಲು ಸುಮಾರು 3,000 ಕಿಲೋಜೂಲ್ ಶಾಖ ತೆಗೆಯಬೇಕು. ಸಣ್ಣ ಫ್ರಿಜ್ ನಿಜವಾಗಿ 120 ವಾಟ್‌ನಷ್ಟು ಶಾಖ ಎಳೆಯುತ್ತದೆ ಎಂದುಕೊಂಡರೂ ಏಳು ಗಂಟೆ ಬೇಕು. ಅಷ್ಟು ಹೊತ್ತಿಗೆ ನಡುವಿನ ಹಣ್ಣು ಬೆಂದ ಹಾಗೆ ಆಗಿರುತ್ತದೆ. ದಿನಕ್ಕೆ 5 ಕೆ.ಜಿಗೆ ಫ್ರಿಜ್ ಸಾಕು, 40ಕ್ಕೆ ಅಲ್ಲ.

ಅಗ್ಗದ ದಾರಿ: 8 ಅಡಿಗೆ 8 ಅಡಿ ಕೋಣೆ, ಗೋಡೆ-ಚಾವಣಿ-ನೆಲ ಎಲ್ಲಕ್ಕೂ 4 ಇಂಚಿನ ಪಫ್ ಹಲಗೆ (ಶಾಖ ತಡೆಯುವ ಫೋಮ್ ಹಲಗೆ), ಒಂದೂವರೆ ಟನ್ ಎಸಿ. ಎಸಿ ತಾನಾಗಿ 16–18ರ ಕೆಳಗೆ ಹೋಗುವುದಿಲ್ಲ, ಹೆಚ್ಚುವರಿ ನಿಯಂತ್ರಕ ಹಾಕಿಸಬೇಕು. ಒಳಗಿನ ಸುರುಳಿಗೆ ಮಂಜುಗಡ್ಡೆ ಕಟ್ಟಿದರೆ ಆ ನಿಯಂತ್ರಕ ಎಸಿಯನ್ನು ನಿಲ್ಲಿಸಿ ಕರಗಿಸುತ್ತದೆ. ನಿಯಂತ್ರಕವಿಲ್ಲದೆ ಸಂವೇದಕಕ್ಕೆ ಮೋಸ ಮಾಡಿ ಓಡಿಸಿದರೆ ಗಡ್ಡೆ ಕಟ್ಟಿ ಕಂಪ್ರೆಸರ್ ಹೋಗುತ್ತದೆ.

ಕೋಣೆ ತಣ್ಣಗಿದ್ದ ಮಾತ್ರಕ್ಕೆ ಹಣ್ಣು ತಣ್ಣಗಾಗುವುದಿಲ್ಲ. ಕ್ರೇಟುಗಳನ್ನು ಎದುರುಬದುರು ಎರಡು ಸಾಲು ಪೇರಿಸಿ, ನಡುವೆ ಒಂದಡಿ ಓಣಿ ಬಿಡಿ. ಓಣಿಯ ಮೇಲ್ಭಾಗ ಮತ್ತು ಒಂದು ತುದಿಯನ್ನು ಟಾರ್ಪಾಲಿನಿಂದ ಮುಚ್ಚಿ, ಇನ್ನೊಂದು ತುದಿಗೆ ಫ್ಯಾನ್ ಇಡಿ. ಫ್ಯಾನ್ ಓಣಿಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯಬೇಕು. ಆಗ ತಂಪುಗಾಳಿ ಕ್ರೇಟಿನ ಕಂಡಿಗಳ ಮೂಲಕ ಹಣ್ಣಿನ ನಡುವೆಯೇ ಹಾದುಬರುತ್ತದೆ. ಒಳಕ್ಕೆ ಊದುವ ಹಾಗೆ ಇಟ್ಟರೆ ಗಾಳಿ ಸಿಕ್ಕ ಸಂದಿನಲ್ಲಿ ನುಸುಳಿ ಹೋಗುತ್ತದೆ. ಉದಾಹರಣೆಗೆ ಕೋಣೆ 3 °ಸೆ, ಹಣ್ಣು 25 ಇದ್ದರೆ ಆ ಅಂತರ ಅರ್ಧವಾದಾಗ ತಿರುಳು 14, ಮತ್ತೊಂದು ಅಷ್ಟೇ ಹೊತ್ತಿಗೆ 8.5, ಮೂರನೆಯದಕ್ಕೆ 5.75. ಚುಚ್ಚುವ ಥರ್ಮಾಮೀಟರಿನಿಂದ ನಡುವಿನ ಕ್ರೇಟಿನ ಹಣ್ಣನ್ನೇ ಅಳೆಯಿರಿ. ಆಯಾ ಹಣ್ಣಿಗೆ ಬೇಕಾದಷ್ಟು ತಣಿದ ಕೂಡಲೇ ಫ್ಯಾನ್ ನಿಲ್ಲಿಸಿ, ಇಲ್ಲದಿದ್ದರೆ ಅದು ಒಣಗಿಸುವ ಯಂತ್ರವಾಗುತ್ತದೆ.

ನೇರಳೆಗೆ 8–10 °ಸೆ, ತೇವಾಂಶ 85–90%, ತೂತು ಮಾಡಿದ ಪಾಲಿಥಿನ್ ಚೀಲ. ಗಾಯವಿಲ್ಲದ ಹಣ್ಣು ಹೀಗೆ ಎರಡು ವಾರ ದಾಟುತ್ತದೆ. ನಿಮ್ಮ ಒಂದು ವಾರ ಸುಲಭ. ರಾಸ್‌ಬೆರಿ ಜಾತಿಗೆ 0 °ಸೆ, 90–95% ತೇವಾಂಶ ಬೇಕು, ಆದರೂ ಎರಡು-ಮೂರು ದಿನವೇ. ಅದನ್ನು ವಾರ ಇಡುವ ಯೋಚನೆ ಬಿಡಿ, ನೇರ ಫ್ರೀಜರ್‌ಗೆ ಹಾಕಿ.

ಹೇಮಾವತಿ_ದಂಡೆ (ಸಕಲೇಶಪುರ)

ಒಂದು ಗೊಂದಲ. ಪರೀಕ್ಷೆಗೆ ಕೊಟ್ಟ ವರದಿಯಲ್ಲಿ ಐದನೇ ದಿನದ ಹಣ್ಣಿನ ಆಂಟಿಆಕ್ಸಿಡೆಂಟ್ ಮೊದಲ ದಿನದ್ದಕ್ಕಿಂತ ಹೆಚ್ಚಿದೆ. ಇಟ್ಟಷ್ಟೂ ಸತ್ವ ಹೆಚ್ಚಾಗುತ್ತದಾ?

ಬ್ರಿಕ್ಸ್_ಕಣ್ಣು (ಹಾಸನ)

ಇದು ಎಲ್ಲರೂ ಬೀಳುವ ಹೊಂಡ. ಲೆಕ್ಕಕ್ಕೆಂದು 100 ಗ್ರಾಂ ಹಣ್ಣಿನಲ್ಲಿ 150 ಮಿ.ಗ್ರಾಂ ಆಂಥೋಸಯನಿನ್ ಇದೆ ಎನ್ನಿ, ನೇರಳೆಯ ಕಪ್ಪು ಬಣ್ಣ ಅದೇ. ಐದು ದಿನದಲ್ಲಿ 10 ಗ್ರಾಂ ನೀರು ಆರಿತು, ಬಣ್ಣದಲ್ಲೂ 5% ನಾಶವಾಯಿತು. ಈಗ 90 ಗ್ರಾಂ ಹಣ್ಣಿನಲ್ಲಿ 142.5 ಮಿ.ಗ್ರಾಂ. ವರದಿಯಲ್ಲಿ "100 ಗ್ರಾಂಗೆ" ಎಂದು ಬರೆದರೆ 158! ಕಳೆದುಕೊಂಡದ್ದು ಗಳಿಸಿದಂತೆ ಕಾಣುತ್ತದೆ. ಒಣತೂಕದ ಮೇಲೆ ಅಥವಾ ಮೊದಲ ದಿನದ ತೂಕದ ಮೇಲೆ ಲೆಕ್ಕ ಕೇಳಿ. ಪ್ರತಿ ಕ್ರೇಟಿನ ಮೊದಲ ತೂಕ ಬರೆದಿಡದಿದ್ದರೆ ಯಾವ ಪ್ರಯೋಗಾಲಯವೂ ಇದನ್ನು ಸರಿಪಡಿಸಲಾರದು.

ಹಾಗಂತ ಏರಿಕೆ ಎಲ್ಲವೂ ಸುಳ್ಳಲ್ಲ. ಸ್ಟ್ರಾಬೆರಿ, ರಾಸ್‌ಬೆರಿಗಳು ಕಿತ್ತ ಮೇಲೂ ಸ್ವಲ್ಪ ಆಂಥೋಸಯನಿನ್ ಕಟ್ಟಿಕೊಳ್ಳುತ್ತವೆ, ಅದೂ ತೀರಾ ತಂಪಿಗಿಂತ ತುಸು ಬೆಚ್ಚಗಿದ್ದಾಗ. ಆದರೆ ಅದೇ ಬೆಚ್ಚನೆಯಲ್ಲಿ ವಿಟಮಿನ್ ಸಿ ಇಳಿಯುತ್ತದೆ, ಬೂಷ್ಟು ಬರುತ್ತದೆ. ಬಣ್ಣ ಏರಲಿ ಎಂದು ಹೊರಗಿಡುವುದು ಮೂರ್ಖತನ.

ಇನ್ನು "ಒಟ್ಟು ಆಂಟಿಆಕ್ಸಿಡೆಂಟ್" ಎನ್ನುವ ಒಂದು ಅಂಕಿ ಇಲ್ಲವೇ ಇಲ್ಲ. ಡಿಪಿಪಿಎಚ್, ಫ್ರಾಪ್, ಓರಾಕ್ ಎಂಬ ಪರೀಕ್ಷೆಗಳಲ್ಲಿ ಒಂದೊಂದೂ ಬೇರೆ ಬೇರೆ ರಾಸಾಯನಿಕ ಕ್ರಿಯೆ ಅಳೆಯುತ್ತದೆ, ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಡಬಾರದು. ಫೋಲಿನ್ ವಿಧಾನದ "ಒಟ್ಟು ಫೀನಾಲ್" ವಿಟಮಿನ್ ಸಿಯನ್ನೂ ಕೆಲವು ಸಕ್ಕರೆಯನ್ನೂ ಸೇರಿಸಿ ಎಣಿಸುತ್ತದೆ. ಅಮೆರಿಕದ ಕೃಷಿ ಇಲಾಖೆ ತನ್ನ ಓರಾಕ್ ಪಟ್ಟಿಯನ್ನೇ 2012ರಲ್ಲಿ ಹಿಂತೆಗೆದುಕೊಂಡಿತು. ಕೊಳವೆಯಲ್ಲಿ ಅಳೆದದ್ದು ದೇಹದೊಳಗೆ ಹಾಗೇ ನಡೆಯುತ್ತದೆ ಎನ್ನಲು ಆಧಾರವಿಲ್ಲ, ಮಾರುವವರು ಅದನ್ನು ದುರುಪಯೋಗ ಮಾಡುತ್ತಿದ್ದರು ಎನ್ನುವುದೇ ಕಾರಣ.

ನಿಮಗೆ ಬೇಕಾದ್ದು ಆಂಥೋಸಯನಿನ್ ಮಾತ್ರ. ಅದಕ್ಕೆ ಪಿಎಚ್ (ಹುಳಿಯ ಅಳತೆ) ವ್ಯತ್ಯಾಸ ವಿಧಾನ: ಅದೇ ರಸವನ್ನು ಪಿಎಚ್ 1.0 ಮತ್ತು 4.5ರ ದ್ರಾವಣಗಳಲ್ಲಿ ಬೆರೆಸಿ, 520 ಮತ್ತು 700 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ ಅಳೆಯುವುದು. ಎರಡೂ ಕಡೆ 520ರಿಂದ 700 ಕಳೆದು, ಆ ಎರಡರ ವ್ಯತ್ಯಾಸವನ್ನು 449.2ರಿಂದಲೂ ದುರ್ಬಲಗೊಳಿಸಿದ ಪಟ್ಟಿನಿಂದಲೂ 1,000ದಿಂದಲೂ ಗುಣಿಸಿ 26,900ರಿಂದ ಭಾಗಿಸಿ. ವ್ಯತ್ಯಾಸ 0.60, 20 ಪಟ್ಟು ದುರ್ಬಲಗೊಳಿಸಿದ್ದು ಎಂದರೆ ಲೀಟರಿಗೆ ಸುಮಾರು 200 ಮಿ.ಗ್ರಾಂ. ಕಾಲೇಜು ಮಟ್ಟದ ಯಾವ ಪ್ರಯೋಗಾಲಯದಲ್ಲೂ ಆಗುವ ಕೆಲಸ.

ಕಣದ_ಮೂಲೆ (ಕೊಪ್ಪ)

ಮುರುಗಲಿನ ಬಗ್ಗೆ ಯಾರೂ ಹೇಳಲಿಲ್ಲ. (ಘಟ್ಟದ ಕೆಳಗಿನವರು ಪುನರ್ಪುಳಿ ಅಂತಾರೆ, ಹಣ್ಣು ಅದೇ.) ಕಾಯಾಗಿ ಕಿತ್ತರೆ ಸಿಪ್ಪೆಯಲ್ಲಿ ಬಣ್ಣವಿಲ್ಲ, ತೀರಾ ಮೆತ್ತಗಾದರೆ ಒಣಗುವ ಮುಂಚೆ ಹುಳಿತು ಹೋಗುತ್ತದೆ. ಕಡುಗೆಂಪು, ಆದರೆ ಬಿಗಿ. ಎರಡು ಹೋಳು ಮಾಡಿ ಬೀಜ-ತಿರುಳು ಬೇರೆ, ಸಿಪ್ಪೆ ಬೇರೆ. ಸಾಂಪ್ರದಾಯಿಕ ಕ್ರಮದಲ್ಲಿ ಸಿಪ್ಪೆಯನ್ನು ಅದರದೇ ತಿರುಳಿನ ರಸದಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಆರಿದ ಮೇಲೆ ಮತ್ತೆ ಅದ್ದಿ, ಹೀಗೆ ನಾಲ್ಕೈದು ಸಲ. ಹುಳಿಗೆ ಅದು ಸರಿ. ಬಣ್ಣಕ್ಕೆ ಅಲ್ಲ: ಬಿಸಿಲು, ಗಾಳಿ ಎರಡೂ ದಿನಗಟ್ಟಲೆ ತಾಗುತ್ತವೆ. ಬಣ್ಣ ಬೇಕಾದರೆ ನೆರಳಿನ ಡ್ರೈಯರ್‌ನಲ್ಲಿ 55–60 °ಸೆ, ಜಾಲರಿ ತಟ್ಟೆಗೆ ಒಂದೇ ಪದರ, ಸಿಪ್ಪೆಯ ಒಳಮೈ ಮೇಲಕ್ಕೆ. ಬೇಗ ಮುಗಿಯಲಿ ಎಂದು 75ಕ್ಕೆ ಏರಿಸಿದರೆ ಹೊರಪದರ ಗಟ್ಟಿಯಾಗಿ ಒಳಗೆ ನೀರು ಸಿಕ್ಕಿಕೊಳ್ಳುತ್ತದೆ, ಡಬ್ಬಿಯಲ್ಲಿ ಹದಿನೈದು ದಿನಕ್ಕೆ ಬೂಷ್ಟು.

ಕಾಫಿ ಕಣದಲ್ಲಿ ಒಣಗಿಸುವವರಿಗೆ: ಸಿಮೆಂಟಿನ ಮೇಲೆ ನೇರ ಹಾಕಬೇಡಿ. ಹಣ್ಣಿನ ಹುಳಿ ಸಿಮೆಂಟಿನ ಸುಣ್ಣವನ್ನು ತಿನ್ನುತ್ತದೆ, ಸುಣ್ಣ ತಾಗಿದ ಸಿಪ್ಪೆ ನೀಲಿ-ಕಂದಾಗುತ್ತದೆ. ಕಾಫಿಯ ತೇವಾಂಶ ಮೀಟರ್ ಇದಕ್ಕೆ ನಡೆಯುವುದಿಲ್ಲ. ತಣ್ಣಗಾದ ಸಿಪ್ಪೆಯನ್ನು ಗಾಜಿನ ಭರಣಿಯಲ್ಲಿ ಮುಕ್ಕಾಲು ತುಂಬಿ ಮುಚ್ಚಿ, ದಿನಕ್ಕೊಮ್ಮೆ ಅಲ್ಲಾಡಿಸುತ್ತ ಒಂದು ವಾರ ನೋಡಿ. ಗಾಜಿಗೆ ಹನಿ ಕಟ್ಟಿದರೆ, ಹೋಳು ಅಂಟಿಕೊಂಡರೆ ಮತ್ತೆ ಡ್ರೈಯರ್‌ಗೆ. ಬೀಜ ಎಸೆಯಬೇಡಿ, ಮುರುಗಲು ತುಪ್ಪಕ್ಕೆ ಬೆಲೆ ಇದೆ.

ಹೇಮಾವತಿ_ದಂಡೆ (ಸಕಲೇಶಪುರ)

ನಿಂಬೆ ಸ್ಕ್ವಾಶ್‌ಗೆ ಹಾಕುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿಯನ್ನೇ ನೇರಳೆಗೂ ಹಾಕಬಹುದಲ್ವಾ? ಜೊತೆಗೆ ಸತ್ವಕ್ಕೆ ನೆಲ್ಲಿರಸ ಸೇರಿಸುವ ಯೋಚನೆ ಇದೆ.

ಬ್ರಿಕ್ಸ್_ಕಣ್ಣು (ಹಾಸನ)

ಎರಡೂ ಬೇಡ ಅಕ್ಕ! ಕೆಎಂಎಸ್ ಬಿಡುವ ಗಂಧಕದ ಡೈಆಕ್ಸೈಡ್ ಆಂಥೋಸಯನಿನ್‌ಗೆ ಅಂಟಿಕೊಂಡು ಬಣ್ಣ ಬಿಳಿಚಿಸುತ್ತದೆ. ನೇರಳೆ, ಮುರುಗಲು, ಕವಳೆ, ಬಣ್ಣದ ಯಾವ ರಸಕ್ಕೂ ಸೋಡಿಯಂ ಬೆಂಜೊಯೇಟ್. ನೆಲ್ಲಿ, ನಿಂಬೆಗೆ ಕೆಎಂಎಸ್. ಅದಲುಬದಲು ಮಾಡಬೇಡಿ, ಏಕೆಂದರೆ ವಿಟಮಿನ್ ಸಿ ಹೆಚ್ಚಿರುವ ರಸದಲ್ಲಿ ಬೆಂಜೊಯೇಟ್‌ನಿಂದ ಅಲ್ಪ ಪ್ರಮಾಣದ ಬೆಂಜೀನ್ ಹುಟ್ಟಬಹುದು.

ನೆಲ್ಲಿರಸ ಬೇಡ ಎನ್ನಲು ಅದೊಂದೇ ಅಲ್ಲ. ವಿಟಮಿನ್ ಸಿ ಗಾಳಿಯೊಂದಿಗೆ ಉತ್ಕರ್ಷಿಸುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ ಆಂಥೋಸಯನಿನ್ ಒಡೆಯುತ್ತದೆ, ವಿಟಮಿನ್ನೂ ಹೋಗುತ್ತದೆ. ಒಳ್ಳೆಯದಕ್ಕೆ ಒಳ್ಳೆಯದು ಸೇರಿಸಿದರೆ ಎರಡೂ ಕೆಡುವ ವಿಚಿತ್ರ ಇದು. ಹುಳಿ ಬೇಕಾದರೆ ಸಿಟ್ರಿಕ್ ಆಮ್ಲ.

ನೇರಳೆ ಸ್ಕ್ವಾಶ್, ಒಟ್ಟು 4 ಕೆ.ಜಿಗೆ: 12 ಬ್ರಿಕ್ಸ್‌ನ (100 ಗ್ರಾಂನಲ್ಲಿ 12 ಗ್ರಾಂ ಕರಗಿದ ಸಕ್ಕರೆ ಅಂಶ) ರಸ 1 ಕೆ.ಜಿ, ಸಕ್ಕರೆ 1,640 ಗ್ರಾಂ, ಸಿಟ್ರಿಕ್ ಆಮ್ಲ 35 ಗ್ರಾಂ, ನೀರು 1,325 ಗ್ರಾಂ, ಸೋಡಿಯಂ ಬೆಂಜೊಯೇಟ್ 2.8 ಗ್ರಾಂ. ಇದು 45 ಬ್ರಿಕ್ಸ್‌ಗೆ ಬರುತ್ತದೆ. ಸ್ಕ್ವಾಶ್‌ಗೆ ಕನಿಷ್ಠ 25% ರಸ, 40 ಬ್ರಿಕ್ಸ್ ಇರಬೇಕು. ಬೆಂಜೊಯಿಕ್ ಆಮ್ಲದ ಮಿತಿ 600 ಪಿಪಿಎಂ (ಕೆ.ಜಿಗೆ 600 ಮಿ.ಗ್ರಾಂ), ಅಂದರೆ ಸೋಡಿಯಂ ಬೆಂಜೊಯೇಟ್ ಕೆ.ಜಿಗೆ 0.7 ಗ್ರಾಂ. ಅಡಿಗೆಮನೆ ತಕ್ಕಡಿಯಲ್ಲಿ ತೂಗಬೇಡಿ, 0.1 ಗ್ರಾಂ ತೋರಿಸುವುದು ಬೇಕು. ಪುಡಿಯನ್ನು ಹುಳಿರಸಕ್ಕೆ ನೇರ ಸುರಿದರೆ ಬೆಂಜೊಯಿಕ್ ಆಮ್ಲ ಹರಳಾಗಿ ತಳ ಸೇರುತ್ತದೆ. ಅದೇ ಅಳತೆಯ ನೀರಿನಲ್ಲಿ ಸ್ವಲ್ಪ ತೆಗೆದು, ಬೆಚ್ಚಗೆ ಮಾಡಿ, ಕರಗಿಸಿ, ಕೊನೆಗೆ ಕಲಕುತ್ತ ಹಾಕಿ. ಪಿಎಚ್ 4ರ ಮೇಲಿದ್ದರೆ ಬೆಂಜೊಯೇಟ್ ಹೆಸರಿಗಷ್ಟೇ.

ರಸ ತೆಗೆಯುವಾಗ ತಣ್ಣಗೆ ಹಿಂಡಿದರೆ ಬಣ್ಣ ಸಿಪ್ಪೆಯಲ್ಲೇ ಉಳಿಯುತ್ತದೆ. ಬೀಜ ಒಡೆಯದಂತೆ ಹಣ್ಣು ಹಿಸುಕಿ, 70 °ಸೆಗೆ ಬಿಸಿ ಮಾಡಿ, ಕೂಡಲೇ ಸೋಸಿ ತಣಿಸಿ. ಕುದಿಸಬೇಡಿ. ಬಿಸಿಯಿಂದ ಬಣ್ಣ ಕಂದಿಸುವ ಕಿಣ್ವವೂ ದುರ್ಬಲವಾಗುತ್ತದೆ. ಪಾತ್ರೆ ಸ್ಟೀಲಿನದೇ ಆಗಬೇಕು. ಕಬ್ಬಿಣದ ಬಾಣಲೆಯಲ್ಲಿ ಒಗರು ಕಬ್ಬಿಣದ ಜೊತೆ ಕೂಡಿ ಶಾಯಿಯಂತೆ ಕಪ್ಪಾಗುತ್ತದೆ. ಬಾಟಲಿಯನ್ನು ಕತ್ತಿನವರೆಗೆ ತುಂಬಿ, ಕತ್ತಲಲ್ಲಿ, ಸಾಧ್ಯವಾದರೆ ಫ್ರಿಜ್ಜಿನಲ್ಲಿ ಇಡಿ.

ಎತ್ತಿನಭುಜ (ಮೂಡಿಗೆರೆ)

ಫ್ರೀಜರ್ ಪ್ರಶ್ನೆ ಉಳಿದಿದೆ. −18 °ಸೆಯಲ್ಲಿ ಇಟ್ಟ ಹಣ್ಣಿನ ಬಣ್ಣ ತಿಂಗಳುಗಟ್ಟಲೆ ಚೆನ್ನಾಗಿಯೇ ನಿಲ್ಲುತ್ತದೆ. ಹಾಳಾಗುವುದು ಕರಗಿಸುವಾಗ. ಮಂಜಿನ ಹರಳು ಕೋಶ ಹರಿದಿರುತ್ತದೆ, ಕರಗಿದ ಕೂಡಲೇ ಕಿಣ್ವ, ಗಾಳಿ, ಬಣ್ಣ ಮೂರೂ ಒಂದಾಗುತ್ತವೆ. ರಸಕ್ಕಾದರೆ ಕರಗಲು ಬಿಡದೆ ನೇರ ಬಿಸಿ ಪಾತ್ರೆಗೆ ಹಾಕಿ. ತಟ್ಟೆಯಲ್ಲಿ ಒಂದೇ ಪದರ ಹರಡಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ ಗಾಳಿ ಹಿಂಡಿ ಕಟ್ಟಿ. 100 ಲೀಟರ್ ಫ್ರೀಜರ್‌ಗೆ ದಿನಕ್ಕೆ 4–5 ಕೆ.ಜಿ ಹೊಸ ಹಣ್ಣು ಸಾಕು. 40 ಕೆ.ಜಿ ಒಟ್ಟಿಗೆ ತುರುಕಿದರೆ ನಿಧಾನ ಗಟ್ಟಿಯಾಗಿ ದೊಡ್ಡ ಹರಳು ಕಟ್ಟುತ್ತದೆ, ಕರಗಿಸಿದಾಗ ಗೊಜ್ಜು.

ಮಳೆಗಾಲದ ಕರೆಂಟು ಗೊತ್ತಲ್ಲ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಎರಡು ದಿನ ತಡೆಯುತ್ತದೆ, ಅರ್ಧ ತುಂಬಿದ್ದು ಒಂದೇ ದಿನ. ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಡಿ. ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ನಾಣ್ಯ ಇಡಿ. ನಾಣ್ಯ ಕೆಳಗಿಳಿದಿದ್ದರೆ ನೀವಿಲ್ಲದಾಗ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ.

ಮೈದಾನದವ (ಅರಸೀಕೆರೆ)

ತಂಪುಕೋಣೆ ಮಾತು ಒಪ್ಪಿದೆ. ಕವಳೆ ಜಾಮ್ ಥರ್ಮಾಮೀಟರಿನಲ್ಲಿ 105 °ಸೆ ಬಂದಾಗ ಇಳಿಸಿ ಅಂತಾರೆ, ಆದರೆ ಚಿಕ್ಕಮಗಳೂರಲ್ಲಿ ಮಾಡಿದ್ದು ಕಲ್ಲಾಗುತ್ತದೆ. ಯಾಕೆ?

ಕಣದ_ಮೂಲೆ (ಕೊಪ್ಪ)

ಆ 105 ಸಮುದ್ರಮಟ್ಟದ ಲೆಕ್ಕ. ಸುಮಾರು 300 ಮೀಟರ್ ಏರಿದರೆ ನೀರಿನ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಪೇಟೆ ಹೆಚ್ಚುಕಡಿಮೆ 1,100 ಮೀಟರ್ ಎತ್ತರ, ಅಲ್ಲಿ ನೀರು 96–97ಕ್ಕೇ ಕುದಿಯುತ್ತದೆ. ಮೊದಲು ಬರೀ ನೀರು ಕುದಿಸಿ ಅಂಕಿ ನೋಡಿ, ಅದಕ್ಕೆ 5 ಸೇರಿಸಿ: 101–102ಕ್ಕೆ ಇಳಿಸಿ. 105ಕ್ಕೆ ಕಾದರೆ ಸಕ್ಕರೆ ಪಾಕ ಗಟ್ಟಿಯಾಗುವುದಷ್ಟೇ ಅಲ್ಲ, ಹೆಚ್ಚುವರಿ ಕುದಿತದಲ್ಲಿ ಬಣ್ಣ ಇಟ್ಟಿಗೆಗೆಂಪಾಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ತೂಕ: 1 ಕೆ.ಜಿ ಸಕ್ಕರೆ ಹಾಕಿದ್ದರೆ ಜಾಮ್ ಒಂದೂವರೆ ಕೆ.ಜಿಗೆ ಇಳಿದಾಗ ಹದ.

ಅರೆಹಣ್ಣು ಕವಳೆಯಲ್ಲಿ ಪೆಕ್ಟಿನ್ (ಜಾಮ್ ಕೂರಿಸುವ ಅಂಶ) ಜಾಸ್ತಿ, ನೇರಳೆಯಲ್ಲಿ ಕಡಿಮೆ. ನೇರಳೆ ಜಾಮ್ ಕೂರದಿದ್ದರೆ ಪೇಟೆಯ ಪೆಕ್ಟಿನ್ ಹುಡುಕುವ ಮುಂಚೆ ಮೂರಕ್ಕೊಂದು ಪಾಲು ಕವಳೆ ಹಾಕಿ. ಹಸಿ ಕವಳೆಯ ಸೊನೆ ಕೈಗೆ, ಪಾತ್ರೆಗೆ ಅಂಟುತ್ತದೆ, ಹೆಚ್ಚಿದ ಹೋಳನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ.

ಬ್ರಿಕ್ಸ್_ಕಣ್ಣು (ಹಾಸನ)

ಲೇಬಲ್ ವಿಚಾರ. "ಮಧುಮೇಹ ಗುಣವಾಗುತ್ತದೆ" ಎಂದು ನೇರಳೆ ಬಾಟಲಿ ಮೇಲೆ ಬರೆಯುವುದು ಕಾನೂನುಬಾಹಿರ, ಆಹಾರಕ್ಕೆ ರೋಗ ಗುಣಪಡಿಸುವ ಹೇಳಿಕೆ ಇರಬಾರದು. ಅದೂ ಮುಕ್ಕಾಲು ಪಾಲು ಸಕ್ಕರೆನೀರಿನ ಬಾಟಲಿ ಮೇಲೆ! "ಆಂಟಿಆಕ್ಸಿಡೆಂಟ್ ಹೇರಳ" ಎನ್ನಲು ಆಧಾರ ತೋರಿಸಬೇಕಾಗುತ್ತದೆ. 2018ರ ಜಾಹೀರಾತು-ಹೇಳಿಕೆ ನಿಯಮ ಅದನ್ನೇ ಕೇಳುತ್ತದೆ. "ನೇರಳೆ ರಸ 25%, ಕೃತಕ ಬಣ್ಣವಿಲ್ಲ" ಎಂದು ಬರೆಯಿರಿ, ಸತ್ಯವೂ ಹೌದು, ಮಾರಾಟವೂ ಆಗುತ್ತದೆ. ಮತ್ತೆ, ಭದ್ರಾ ಅಭಯಾರಣ್ಯ, ಕುದುರೆಮುಖ ಉದ್ಯಾನದ ಒಳಗಿನ ಹಣ್ಣು ಯಾರಾದರೂ ತಂದುಕೊಟ್ಟರೆ ಕೊಳ್ಳಬೇಡಿ.

ಹೇಮಾವತಿ_ದಂಡೆ (ಸಕಲೇಶಪುರ)

ಕೊನೆಯದು. ತಂಪುಕೋಣೆಯಿಂದ ತೆಗೆದ ನೇರಳೆಯನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರೆ ಬೆಳಿಗ್ಗೆ ಡಬ್ಬಿ ತುಂಬ ಬೆವರು. ಹುಳ ಇದೆ ಎನ್ನುವ ದೂರೂ ಬರುತ್ತದೆ.

ಎತ್ತಿನಭುಜ (ಮೂಡಿಗೆರೆ)

ಬೆವರು ಹಣ್ಣಿನದಲ್ಲ, ಹೊರಗಿನ ಗಾಳಿಯದು. ತಣ್ಣನೆ ಹಣ್ಣಿಗೆ ಮಳೆಗಾಲದ ಗಾಳಿ ತಾಗಿದ ಕೂಡಲೇ ಹನಿ ಕಟ್ಟುತ್ತದೆ. 250 ಗ್ರಾಂ ಡಬ್ಬಿಗಳನ್ನು ಕೋಣೆಯ ಒಳಗೇ ಥರ್ಮೋಕೋಲ್ ಪೆಟ್ಟಿಗೆಗೆ ತುಂಬಿ, ಅಲ್ಲೇ ಟೇಪ್ ಸುತ್ತಿ, ಆಮೇಲೆ ಹೊರಗೆ ತನ್ನಿ. ಐಸ್ ಜೆಲ್ ಚೀಲ ಮೇಲ್ಗಡೆ, ನಡುವೆ ದಪ್ಪ ಕಾಗದ, ಹಣ್ಣಿಗೆ ತಾಗಬಾರದು. ಅಲ್ಲಿ ಇಳಿಸಿಕೊಂಡವರು ಪೆಟ್ಟಿಗೆ ಬಿಚ್ಚದೆ ಒಂದೆರಡು ಗಂಟೆ ಬಿಡಲಿ, ಅಥವಾ ನೇರ ಅವರ ಫ್ರಿಜ್ಜಿಗೆ ಇಡಲಿ.

ಹುಳಕ್ಕೆ: ಪ್ರತಿ ಮರದ 50 ಹಣ್ಣು ತೆಗೆದು ಮೆತ್ತಗೆ ಹಿಸುಕಿ, ಲೀಟರಿಗೆ 60–70 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ 15 ನಿಮಿಷ ಬಿಡಿ. ಹಣ್ಣುನೊಣದ ಮರಿ ಮೇಲೆ ತೇಲುತ್ತದೆ. ಒಂದೆರಡು ಕಂಡರೂ ಆ ಮರದ್ದು ಹಣ್ಣಾಗಿ ಬೆಂಗಳೂರಿಗೆ ಬೇಡ. ಬಿದ್ದ ಹಣ್ಣನ್ನು ಮರದ ಬುಡದಲ್ಲಿ ಬಿಡದೆ ದಿನಾ ಆಯ್ದು ಎರಡಡಿ ಆಳಕ್ಕೆ ಹೂಳಿ, ಮೇಲೆ ಮಣ್ಣು ತುಳಿದು ಗಟ್ಟಿ ಮಾಡಿ. ಗೊಬ್ಬರದ ಗುಂಡಿಗೆ ಹಾಗೇ ಎಸೆದರೆ ಅಲ್ಲಿಂದಲೇ ಮತ್ತೆ ಎದ್ದು ಬರುತ್ತವೆ.